‘ಸೇಫ್ಟಿ ಡಾನ್ಸ್’ಗೆ ಮಕ್ಕಳನ್ನು ಕುಣಿಸಬಹುದಾ?

ಪ್ರಶ್ನೆ: ನಾವು ಮಾಂಟ್ರಿಯಲ್‌ನಲ್ಲಿ ನೆಲೆಸಿರುವ ಕನ್ನಡಿಗರು. ಇಲ್ಲಿನ ನಮ್ಮ ಬಳಗದ ವಾರ್ಷಿಕೋತ್ಸವಕ್ಕೆ ಈ ಸಲ ‘ಎಂಬತ್ತರ ದಶಕ’ ಅಂತ ಥೀಮ್ ಇಟ್ಟಿದ್ದೇವೆ. ದೊಡ್ಡವರದ್ದು ಹಳೆಯ ಚಿತ್ರಗೀತೆ. 9ರಿಂದ 13 ವರ್ಷದ ಮಕ್ಕಳ ಗುಂಪು ನನ್ನ ಪಾಲಿಗೆ ಬಂದಿದೆ. ಈ ಊರಿನದೇ ಬ್ಯಾಂಡ್ ಇರಲಿ ಅಂತ ಮೆನ್ ವಿದೌಟ್ ಹ್ಯಾಟ್ಸ್ ಅವರ ‘ದಿ ಸೇಫ್ಟಿ ಡಾನ್ಸ್’ ಆರಿಸಿಕೊಂಡೆ. ವಿಡಿಯೊ ತೋರಿಸಿದ್ದೇ ತಡ, ಮಕ್ಕಳು ಬಿದ್ದು ಬಿದ್ದು ನಕ್ಕರು. ಹಾಗೇ ಮಾಡಬೇಕು ಅಂತ ಈಗ ಹಠ. ಆದರೆ ಸಮಿತಿಯಲ್ಲಿ ಗಲಾಟೆ ಶುರುವಾಗಿದೆ. ಇದು ಸುರಕ್ಷಿತ ಲೈಂಗಿಕತೆಯ ಹಾಡು, ಮಕ್ಕಳಿಗೆ ಬೇಡ ಎಂದು ಒಬ್ಬರು. ಅಣುಬಾಂಬಿನ ಹಾಡು ಎಂದು ಇನ್ನೊಬ್ಬರು. ಕುಣಿಯದವರು ನಮ್ಮ ಗೆಳೆಯರೇ ಅಲ್ಲ ಅನ್ನುವ ಸಾಲು ಮೂರನೆಯವರಿಗೆ ಹಿಡಿಸಿಲ್ಲ. ವಿಡಿಯೊದಲ್ಲಿ ಬರುವ ಕುಳ್ಳ ವಿದೂಷಕನ ಪಾತ್ರಕ್ಕೆ ಒಬ್ಬ ಹುಡುಗನನ್ನು ಮೊಣಕಾಲ ಮೇಲೆ ನಡೆಸೋಣ ಅನ್ನುವ ಸಲಹೆಯೂ ಬಂದಿದೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕುವ ಯೋಚನೆಯೂ ಇದೆ. ಯಾವುದು ನಿಜ, ಯಾವುದು ಸುಮ್ನೆ ಹಬ್ಬಿದ ಮಾತು? ನಾವು ಏನು ಮಾಡಬಹುದು?

ಉತ್ತರ: ಗೊತ್ತಿಲ್ಲದೆ ಮಕ್ಕಳಿಗೆ ಏನೋ ಬೇಡದ್ದನ್ನು ಕಲಿಸುತ್ತಿದ್ದೇನಾ ಅನ್ನುವುದು ನಿಮ್ಮ ಅಳುಕು. ಅದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಹಾಡು ಮಕ್ಕಳಿಗೆ ತಕ್ಕದ್ದೇ. ಅರ್ಥದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ವಿಡಿಯೊವನ್ನು ಇದ್ದ ಹಾಗೇ ವೇದಿಕೆಗೆ ತರಲು ಹೊರಟರೆ ಮಾತ್ರ ಎರಡು ಮೂರು ಕಡೆ ಕಾಲು ಜಾರಬಹುದು. ಮೊಣಕಾಲಿನ ಐಡಿಯಾ ಅಂಥದ್ದರಲ್ಲಿ ಮೊದಲನೆಯದು. ನಿಮ್ಮ ಮನಸ್ಸು ಒಪ್ಪದ್ದು ಸರಿಯೇ ಇದೆ.

ನಾನು ಸಂಗೀತ ವಿಡಿಯೊಗಳ ಎಡಿಟಿಂಗ್‌ನಲ್ಲೇ ಹೊಟ್ಟೆ ಹೊರೆದವನು. ಹಳೆಯ ವಿಡಿಯೊಗಳನ್ನು ಶಾಟ್ ಶಾಟ್ ಆಗಿ ಬಿಡಿಸಿ ನೋಡುವುದು ನನ್ನ ಕೆಲಸದ ಭಾಗವಾಗಿತ್ತು. ಜನ ಈ ಹಾಡಿನ ಬಗ್ಗೆ ಕೇಳುವಷ್ಟು ‘ನಿಜವಾದ ಅರ್ಥ ಏನು’ ಅನ್ನುವ ಪ್ರಶ್ನೆ ಬೇರೆ ಹಾಡಿನ ಬಗ್ಗೆ ಕೇಳಿದ್ದು ಕಡಿಮೆ. ಅದಕ್ಕೊಂದು ಕಾರಣವಿದೆ. ಹಾಡು ಹೇಳುವ ಕಥೆ ಒಂದು, ವಿಡಿಯೊ ತೋರಿಸುವ ಕಥೆ ಇನ್ನೊಂದು. ನಡುವಿನ ಖಾಲಿ ಜಾಗವನ್ನು ನೋಡಿದವರು ತಮಗೆ ತೋಚಿದ ಹಾಗೆ ತುಂಬಿಸಿಕೊಂಡರು.

ಹಾಡಿನ ಕಥೆ ಬಹಳ ಸಣ್ಣದು. ಅದನ್ನು ಬರೆದು ಹಾಡಿದ ಐವನ್ ಡೊರೊಶುಕ್ ಅವರೇ ಹಲವು ಸಲ ಹೇಳಿದ್ದಾರೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಡಿಸ್ಕೊ ಇಳಿಯುತ್ತಿತ್ತು, ಪಂಕ್ ರಾಕ್‌ನ ಬೆನ್ನಿಗೆ ಬಂದ ಹೊಸ ಪಾಪ್ ಸಂಗೀತ, ನ್ಯೂ ವೇವ್, ಏರುತ್ತಿತ್ತು. ಡಿಸ್ಕೊ ಅಂದರೆ ಜೋಡಿಯಾಗಿ, ನಾಜೂಕಾಗಿ ಕುಣಿಯುವುದು. ನ್ಯೂ ವೇವ್ ಹುಡುಗರು ತಂದಿದ್ದು ಪೋಗೊ. ಬ್ರಿಟನ್ನಿನ ಪಂಕ್ ಕ್ಲಬ್ಬುಗಳಿಂದ ಬಂದ ಕುಣಿತ ಅದು. ಮೈಯನ್ನು ಕಂಬದ ಹಾಗೆ ಸೆಟೆದುಕೊಂಡು, ನಿಂತಲ್ಲೇ ಮೇಲಕ್ಕೆ ಕೆಳಕ್ಕೆ ಹಾರುವುದು. ಜೋಡಿ ಬೇಕಿಲ್ಲ, ಹೆಜ್ಜೆ ಕಲಿಯಬೇಕಿಲ್ಲ. ಗುಂಪಿನಲ್ಲಿ ಹಾರಿದರೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದು ಮಾಮೂಲಿ. ದೂರದಿಂದ ನೋಡಿದವರಿಗೆ ಹೊಡೆದಾಟದ ಹಾಗೆ ಕಾಣಿಸುತ್ತಿತ್ತು. ಕ್ಲಬ್ಬಿನ ಬೌನ್ಸರ್‌ಗಳು ಬಂದು ‘ನಿಲ್ಲಿಸಿ, ಇಲ್ಲ ಹೊರಗೆ ನಡೀರಿ’ ಅನ್ನುತ್ತಿದ್ದರು. ಆ ಸಿಟ್ಟಿನಲ್ಲಿ ಹುಟ್ಟಿದ್ದು ಈ ಹಾಡು. ನಮಗೆ ಬೇಕಾದ ಹಾಗೆ ಕುಣಿಯುತ್ತೇವೆ, ಇದರಲ್ಲಿ ಯಾರಿಗೂ ಏನೂ ಆಗುವುದಿಲ್ಲ, ಎಲ್ಲಾ ಸೇಫ್ ಅನ್ನುವ ಕುಚೋದ್ಯ.

ಈಗ ನಿಮ್ಮ ಸಮಿತಿಯ ಮೂರನೆಯವರ ಆಕ್ಷೇಪವನ್ನು ಇದರ ಪಕ್ಕ ಇಟ್ಟು ನೋಡಿ. ಕುಣಿಯದ ಗೆಳೆಯರನ್ನು ಬಿಟ್ಟು ಹೋಗೋಣ ಅನ್ನುವ ಮಾತು ಕ್ಲಬ್ಬಿನಿಂದ ಹೊರಗೆ ದಬ್ಬಿಸಿಕೊಂಡ ಹುಡುಗನದ್ದು. ಒಬ್ಬಂಟಿ ಮಗುವನ್ನು ಆಟಕ್ಕೆ ಸೇರಿಸಿಕೊಳ್ಳದ ಗುಂಪಿನದ್ದಲ್ಲ. ಮಕ್ಕಳಿಗೆ ಆ ಹಿನ್ನೆಲೆ ಎರಡು ಮಾತಿನಲ್ಲಿ ಹೇಳಿದರೆ ಸಾಕು, ಅವರಿಗೆ ಥಟ್ಟನೆ ಅರ್ಥವಾಗುತ್ತದೆ. ತರಗತಿಯಲ್ಲಿ ‘ಕುಣೀಬೇಡ, ಕೂತ್ಕೋ’ ಅನ್ನಿಸಿಕೊಳ್ಳದ ಮಗು ಯಾವುದಿದೆ?

ಸುರಕ್ಷಿತ ಲೈಂಗಿಕತೆಯ ಮಾತಿಗೆ ಬರೋಣ. ಇದನ್ನು ಡೊರೊಶುಕ್ ನೇರವಾಗಿ ಅಲ್ಲಗಳೆದಿದ್ದಾರೆ. ಜನ ಇಲ್ಲದ್ದನ್ನೆಲ್ಲಾ ಓದಿಕೊಳ್ಳುತ್ತಿದ್ದಾರೆ ಎನ್ನುವುದು ಅವರ ನಿಲುವು. ಅವರ ಮಾತನ್ನು ನಂಬುವುದು ಬೇಡ ಅಂದರೂ ಕ್ಯಾಲೆಂಡರ್ ನಂಬಬಹುದು ಅಲ್ವಾ? ಈ ಹಾಡಿರುವ ಆಲ್ಬಂ ‘ರಿದಮ್ ಆಫ್ ಯೂತ್’ ಬಂದದ್ದು 1982ರಲ್ಲಿ. ಏಡ್ಸ್ ಅನ್ನುವ ಹೆಸರನ್ನು ಅಮೆರಿಕದ ಆರೋಗ್ಯ ಇಲಾಖೆ ಬಳಸಲು ಶುರು ಮಾಡಿದ್ದೂ 1982ರಲ್ಲೇ. ಸುರಕ್ಷಿತ ಲೈಂಗಿಕತೆಯ ಪ್ರಚಾರ ಗೋಡೆ, ಟಿವಿ, ಶಾಲೆಗಳಿಗೆ ಬಂದದ್ದು ಅದಕ್ಕೂ ಕೆಲವು ವರ್ಷಗಳ ನಂತರ. ಎಂಬತ್ತರ ದಶಕದ ಕೊನೆಗೆ ಆ ಪ್ರಚಾರ ಎಲ್ಲೆಡೆ ಇದ್ದಾಗ ಈ ಹಾಡನ್ನು ಕೇಳಿದವರು ‘ಸೇಫ್ಟಿ’ ಅನ್ನುವುದನ್ನು ಅದಕ್ಕೇ ಜೋಡಿಸಿಕೊಂಡರು. ಹಾಡು ಮೊದಲು ಬಂತು, ಅರ್ಥ ಆಮೇಲೆ ಅಂಟಿಕೊಂಡಿತು.

ಅಣುಬಾಂಬಿನ ಮಾತಿಗೆ ಸ್ವಲ್ಪ ಆಧಾರವಿದೆ ಅನ್ನಬಹುದು. 1982-83 ಶೀತಲ ಸಮರದ ಬಿಸಿ ಏರಿದ್ದ ಕಾಲ. ಆಗಿನ ಪಾಪ್ ಹಾಡುಗಳಲ್ಲಿ ಬಾಂಬಿನ ಭಯ ಬಹಳ ಕಡೆ ಇಣುಕುತ್ತದೆ. ಡೊರೊಶುಕ್ ಕೂಡ ಇದನ್ನು ಪೂರ್ತಿ ತಳ್ಳಿಹಾಕಿಲ್ಲ. ಬರೀ ಅಣ್ವಸ್ತ್ರ ವಿರೋಧ ಅಂತಲ್ಲ, ಒಟ್ಟಾರೆ ಯಜಮಾನಿಕೆಯ ವಿರೋಧ ಎನ್ನುವ ಅರ್ಥದ ಮಾತು ಹೇಳಿದ್ದಾರೆ. ಹಾಗೆ ನೋಡಿದರೆ ಬೌನ್ಸರೂ ಸರಿ, ಸರ್ಕಾರವೂ ಸರಿ. ನಿಮ್ಮ ಎರಡನೆಯ ಸದಸ್ಯರಿಗೆ ಅರ್ಧ ಅಂಕ ಕೊಡಿ.

ಇನ್ನು ಒಂದೆರಡು ತಪ್ಪು ತಿಳಿವಳಿಕೆಗಳನ್ನು ನೀವು ಕೇಳದಿದ್ದರೂ ಹೇಳುತ್ತೇನೆ, ನಿರೂಪಕರ ಬಾಯಲ್ಲಿ ತಪ್ಪು ಬರುವುದು ಬೇಡ. ವಿಡಿಯೊ ನೋಡಿ ಬಹಳ ಜನ ಇದು ಇಂಗ್ಲೆಂಡಿನ ಬ್ಯಾಂಡ್ ಅಂದುಕೊಳ್ಳುತ್ತಾರೆ. ಬ್ಯಾಂಡ್ ನಿಮ್ಮ ಮಾಂಟ್ರಿಯಲ್ಲಿನದೇ, ಡೊರೊಶುಕ್ ಸಹೋದರರದ್ದು. ಆ ಊರಿನ ಚಳಿಗಾಲದಲ್ಲೂ ಟೊಪ್ಪಿ ಹಾಕದೆ ತಿರುಗುತ್ತಿದ್ದರು, ಬೆಚ್ಚಗಿರುವುದಕ್ಕಿಂತ ಸ್ಟೈಲ್ ಮುಖ್ಯ ಅನ್ನುತ್ತಿದ್ದರು, ಅದಕ್ಕೇ ಆ ಹೆಸರು. ನಿಮ್ಮಲ್ಲಿ ಜನವರಿ ನೋಡಿದವರು ಈ ಮಾತಿಗೆ ನಗದೇ ಇರಲಾರರು. ಒಂದೇ ಹಾಡಿನ ಬ್ಯಾಂಡ್ ಅನ್ನುವುದೂ ಸರಿಯಲ್ಲ. ‘ಸೇಫ್ಟಿ ಡಾನ್ಸ್’ 1983ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 3ನೇ ಸ್ಥಾನದವರೆಗೆ, ಬ್ರಿಟನ್ನಿನಲ್ಲಿ 6ನೇ ಸ್ಥಾನದವರೆಗೆ ಏರಿತು. 1987ರ ‘ಪಾಪ್ ಗೋಸ್ ದಿ ವರ್ಲ್ಡ್’ ಅಮೆರಿಕದಲ್ಲಿ ಮೊದಲ ಇಪ್ಪತ್ತರೊಳಗೆ ಬಂತು, ಕೆನಡಾದಲ್ಲಿ ಅದಕ್ಕಿಂತ ಎಷ್ಟೋ ಮೇಲೆ ಹೋಯಿತು.

ಈಗ ವಿಡಿಯೊ. ನಿಜವಾದ ವಿಷಯ ಇರುವುದೇ ಇಲ್ಲಿ.

ಮಾಂಟ್ರಿಯಲ್ಲಿನ ಕ್ಲಬ್, ಬೌನ್ಸರ್, ಪೋಗೊ ಯಾವುದೂ ಇದರಲ್ಲಿಲ್ಲ. ಬದಲಿಗೆ ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿರುವ ವೆಸ್ಟ್ ಕಿಂಗ್ಟನ್ ಎಂಬ ಹಳ್ಳಿಯಲ್ಲಿ ಕ್ಯಾಮೆರಾ ಇಟ್ಟಿದ್ದಾರೆ. ನಿರ್ದೇಶಕ ಟಿಮ್ ಪೋಪ್. ಮುಂದೆ ದಿ ಕ್ಯೂರ್ ಬ್ಯಾಂಡಿನ ವಿಡಿಯೊಗಳಿಂದ ಹೆಸರು ಮಾಡಿದವರು. ಬ್ಯಾಂಡಿನಲ್ಲಿ ಉಳಿದವರು ಯಾರೂ ಕಾಣಿಸುವುದಿಲ್ಲ. ಉದ್ದ ಕೂದಲಿನ ಐವನ್ ಒಬ್ಬರೇ ಮಧ್ಯಯುಗದ ಹಾಡುಗಾರನ ಧಾಟಿಯಲ್ಲಿ ಹಳ್ಳಿಗೆ ನಡೆದು ಬರುತ್ತಾರೆ. ಜೊತೆಗೆ ವಿದೂಷಕನ ವೇಷದ ಕುಬ್ಜ ನಟ ಮೈಕ್ ಎಡ್ಮಂಡ್ಸ್, ಕುಣಿಯುತ್ತಾ ಸೇರಿಕೊಳ್ಳುವ ಬಂಗಾರದ ಕೂದಲಿನ ಒಬ್ಬಳು ಹುಡುಗಿ. ಹಳ್ಳಿಯಲ್ಲಿ ಬಣ್ಣದ ಪಟ್ಟಿ ಕಟ್ಟಿದ ಮೇಪೋಲ್ ಕಂಬ, ಪಂಚ್ ಮತ್ತು ಜೂಡಿ ಬೊಂಬೆಯಾಟ, ಇಂಗ್ಲೆಂಡಿನ ಜಾನಪದ ಕುಣಿತವಾದ ಮಾರಿಸ್ ಕುಣಿತದವರು. ಮಾರಿಸ್ ಕುಣಿತ ಮಾಡಿದವರು ಹತ್ತಿರದ ಚಿಪ್ಪನ್‌ಹ್ಯಾಮ್ ಊರಿನ ನಿಜವಾದ ತಂಡದವರು. ನೋಡನೋಡುತ್ತಾ ಇಡೀ ಹಳ್ಳಿಗೆ ಕುಣಿತದ ಹುಚ್ಚು ಹತ್ತುತ್ತದೆ. ಇಷ್ಟೇ ಕಥೆ. ಮೂರು ನಿಮಿಷವೂ ಇಲ್ಲ.

ಮತ್ತೆ ನಗು ಎಲ್ಲಿಂದ ಬರುತ್ತದೆ? ಒಂದು, ಕಿವಿಗೂ ಕಣ್ಣಿಗೂ ತಾಳೆಯೇ ಇಲ್ಲ. ಕೇಳುವುದು ಸಿಂಥಸೈಜರ್, ಯಂತ್ರದ ತಾಳ, ಯಾವುದೋ ಘೋಷಣೆ ಕೂಗುವ ಹಾಗಿರುವ ದಪ್ಪ ದನಿ. ನೋಡುವುದು ಹುಲ್ಲು, ಕೆಸರು, ಗೆಜ್ಜೆ. ಎರಡನೆಯದು ಇದಕ್ಕಿಂತ ದೊಡ್ಡದು. ವಿಡಿಯೊದಲ್ಲಿರುವ ಒಬ್ಬರಿಗೂ ಇದು ತಮಾಷೆ ಅಂತ ಗೊತ್ತಿರುವ ಹಾಗೆ ಕಾಣುವುದಿಲ್ಲ. ಐವನ್ ಮುಖ ನೋಡಿ, ಊರಿನ ಭವಿಷ್ಯವೇ ಈ ಕುಣಿತದ ಮೇಲೆ ನಿಂತಿದೆ ಅನ್ನುವಷ್ಟು ಗಂಭೀರ. ಕ್ಯಾಮೆರಾ ಕಡೆ ಕಣ್ಣು ಹೊಡೆಯುವುದಿಲ್ಲ, ‘ನೋಡಿ ಹೇಗಿದೆ ನಮ್ಮ ಜೋಕು’ ಎಂಬ ಭಾವವೇ ಇಲ್ಲ. ಯಕ್ಷಗಾನದಲ್ಲಿ ಪಳಗಿದ ಹಾಸ್ಯಗಾರ ತಾನು ನಗದೆ ಸಭೆಯನ್ನೆಲ್ಲಾ ನಗಿಸುತ್ತಾನಲ್ಲ, ಅದೇ ವರಸೆ. ನಿಮ್ಮ ಮಕ್ಕಳು ಕಲಿಯಬೇಕಾದ್ದು ಇದನ್ನೇ. ವೇಷಭೂಷಣ ಎಷ್ಟು ಖರ್ಚು ಮಾಡಿ ಹೊಲಿಸಿದರೂ ಮುಖದಲ್ಲಿ ಕಿಸಕಿಸ ಬಂದರೆ ಕೆಲಸ ಕೆಟ್ಟಿತು. ಹತ್ತು ವರ್ಷದವರಿಗೆ ನಗದೆ ಇರುವುದು ಕಷ್ಟ, ಗೊತ್ತು. ರಿಹರ್ಸಲ್‌ನಲ್ಲಿ ಅದನ್ನೇ ಆಟ ಮಾಡಿ. ಮೊದಲು ನಕ್ಕವರು ಮುಂದಿನ ಸುತ್ತಿನಲ್ಲಿ ಹಿಂದಿನ ಸಾಲಿಗೆ.

ಇಷ್ಟು ವಿಚಿತ್ರವಾದ ವಿಡಿಯೊ ಎಂಟಿವಿಯಂಥ ದೊಡ್ಡ ಸಂಗೀತ ಚಾನೆಲ್‌ನಲ್ಲಿ ಹೇಗೆ ಓಡಿತು ಅಂತ ಮಕ್ಕಳು ಕೇಳಿಯಾರು. ಎಂಟಿವಿ ಅಮೆರಿಕದಲ್ಲಿ ಶುರುವಾದದ್ದು 1981ರ ಆಗಸ್ಟ್ 1ರಂದು. ಹಗಲೂ ರಾತ್ರಿ ವಿಡಿಯೊ ಹಾಕಬೇಕು, ಆದರೆ ಕೈಯಲ್ಲಿದ್ದದ್ದು ಕೆಲವೇ ನೂರು. ಅಮೆರಿಕದ ದೊಡ್ಡ ಬ್ಯಾಂಡುಗಳಿಗೆ ವಿಡಿಯೊ ಮಾಡುವ ಅಭ್ಯಾಸವೇ ಇರಲಿಲ್ಲ, ಅವರ ಮಾರುಕಟ್ಟೆ ರೇಡಿಯೊ ಮತ್ತು ಸಂಗೀತ ಪ್ರವಾಸ. ಬ್ರಿಟನ್, ಯುರೋಪಿನಲ್ಲಿ ಮಾತ್ರ ಟಿವಿ ಕಾರ್ಯಕ್ರಮಗಳಿಗೆ ಬ್ಯಾಂಡಿನ ಬದಲು ಸಣ್ಣ ಫಿಲ್ಮ್ ಕಳಿಸುವ ರೂಢಿ ಬೆಳೆದಿತ್ತು. ಬ್ಯಾಂಡನ್ನು ವಿಮಾನ ಹತ್ತಿಸುವುದಕ್ಕಿಂತ ಅದು ಅಗ್ಗ. ಹಾಗಾಗಿ ಎಂಟಿವಿಯ ಮೊದಲ ವರ್ಷಗಳಲ್ಲಿ ಎಲ್ಲಿ ನೋಡಿದರೂ ಆ ಕಡೆಯ ನ್ಯೂ ವೇವ್ ಹುಡುಗರೇ. ಇನ್ನೂ ಯಾವ ನಿಯಮವೂ ಗಟ್ಟಿಯಾಗಿರಲಿಲ್ಲ. ದುಡ್ಡು ಕಡಿಮೆ, ಧೈರ್ಯ ಜಾಸ್ತಿ. ಒಬ್ಬರು ಹೂಕುಂಡದಂಥ ಟೊಪ್ಪಿ ಹಾಕಿಕೊಂಡು ಚಾವಟಿ ಬೀಸಿದರು, ಇನ್ನೊಬ್ಬರು ಟಿವಿಯ ನಿಜವಾದ ವಿಜ್ಞಾನಿಯನ್ನೇ ಕರೆತಂದು ಕೂಗಿಸಿದರು. ಇಡೀ ಹಳ್ಳಿಯನ್ನು ಕುಣಿಸುವುದು ಆ ಗುಂಪಿನಲ್ಲಿ ಅಂಥ ಅತಿಯೇನೂ ಅಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಸಂಗೀತ ವಿಡಿಯೊ ಅತಿ ಹೆಚ್ಚು ಸ್ವತಂತ್ರವಾಗಿದ್ದ ಕಾಲ ಅದು. ಆಮೇಲೆ ಬಜೆಟ್ ಬೆಳೆಯಿತು, ಹುಚ್ಚು ಇಳಿಯಿತು. ಆದರೆ ಆಗಿನ ಎಂಟಿವಿಯಲ್ಲಿ ಕಪ್ಪು ಕಲಾವಿದರಿಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇತ್ತು, ಬ್ರಿಟಿಷ್ ಗಾಯಕ ಡೇವಿಡ್ ಬೋವಿ 1983ರಲ್ಲಿ ಚಾನೆಲ್‌ನ ಸಂದರ್ಶನದಲ್ಲೇ ಕೂತು ಇದನ್ನು ಪ್ರಶ್ನಿಸಬೇಕಾಯಿತು. ಸ್ವಾತಂತ್ರ್ಯ ಎಲ್ಲರಿಗೂ ಸಮಾನವಾಗಿರಲಿಲ್ಲ.

ಭಾರತಕ್ಕೆ ಎಂಟಿವಿ ಬಂದದ್ದು 1991ರಲ್ಲಿ, ಸ್ಟಾರ್ ಟಿವಿಯ ಡಿಶ್ ಮೂಲಕ. ಅಷ್ಟರಲ್ಲಿ ಈ ವಿಡಿಯೊ ಹಳೆಯದಾಗಿತ್ತು. ನಿಮ್ಮ ಸಮಿತಿಯಲ್ಲಿ ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕಾಲೇಜು ಓದಿದವರಿದ್ದರೆ, ಅವರು ಇದನ್ನು ಹಿನ್ನೆಲೆ ಗೊತ್ತಿಲ್ಲದೆ, ಏಡ್ಸ್ ಪ್ರಚಾರದ ಜಾಹೀರಾತುಗಳ ಕಾಲದಲ್ಲಿ ನೋಡಿರುವ ಸಾಧ್ಯತೆ ಇದೆ. ಮೊದಲನೆಯವರ ಅನುಮಾನ ಹೇಗೆ ಹುಟ್ಟಿರಬಹುದು ಅನ್ನುವುದು ಇದರಿಂದ ಊಹಿಸಬಹುದು. ಅವರ ಮೇಲೆ ಸಿಟ್ಟು ಬೇಡ.

ಈಗ ವಿದೂಷಕ. ಎಡ್ಮಂಡ್ಸ್ ವೃತ್ತಿಪರ ನಟ. ‘ಟೈಮ್ ಬ್ಯಾಂಡಿಟ್ಸ್’ ಸಿನಿಮಾದಲ್ಲಿ ಮುಖ್ಯ ಪಾತ್ರಗಳಲ್ಲೊಂದು ಮಾಡಿದವರು, ‘ರಿಟರ್ನ್ ಆಫ್ ದಿ ಜೆಡೈ’ನಲ್ಲೂ ಇದ್ದಾರೆ. ಈ ವಿಡಿಯೊದಲ್ಲಿ ಅವರ ಎತ್ತರವನ್ನು ಇಟ್ಟುಕೊಂಡು ಒಂದೇ ಒಂದು ಜೋಕ್ ಇಲ್ಲ. ಯಾರೂ ಅವರನ್ನು ಎತ್ತಿ ಆಡಿಸುವುದಿಲ್ಲ, ಕಾಲಿಗೆ ಸಿಕ್ಕಿ ಬೀಳುವುದಿಲ್ಲ. ಐವನ್‌ಗೆ ಸರಿಸಮನಾಗಿ ನಡೆಯುತ್ತಾರೆ, ಮೂವರಲ್ಲಿ ಲಯ ಚೆನ್ನಾಗಿ ಹಿಡಿದವರು ಅವರೇ ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಇಷ್ಟಾದರೂ, ಮಧ್ಯಯುಗ ಅಂದಕೂಡಲೇ ಕುಬ್ಜ ನಟನಿಗೆ ವಿದೂಷಕನ ವೇಷ ಕೊಡುವುದು ಆ ಕಾಲದ ಸಿದ್ಧ ಅಚ್ಚು. ರಾಜರ ಆಸ್ಥಾನಗಳಲ್ಲಿ ಕುಬ್ಜರನ್ನು ಮನರಂಜನೆಗೆ ಇಟ್ಟುಕೊಳ್ಳುತ್ತಿದ್ದ ಇತಿಹಾಸದಿಂದ ಬಂದದ್ದು. ವಿಡಿಯೊ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಇವತ್ತು ಮಾಡಿದ್ದರೆ ಹಾಗೆ ಮಾಡುತ್ತಿರಲಿಲ್ಲ ಅಂತ ಹೇಳುತ್ತೇನೆ.

ಮೊಣಕಾಲ ಮೇಲೆ ಹುಡುಗನನ್ನು ನಡೆಸಿದರೆ ಏನಾಗುತ್ತದೆ? ವಿಡಿಯೊದಲ್ಲಿ ಇಲ್ಲದ ಜೋಕನ್ನು ನೀವು ಹೊಸದಾಗಿ ಸೇರಿಸುತ್ತೀರಿ. ಅಲ್ಲಿ ಒಬ್ಬ ನಟ ಕುಣಿಯುತ್ತಿದ್ದಾರೆ. ಇಲ್ಲಿ ಎತ್ತರವೇ ಹಾಸ್ಯದ ವಸ್ತುವಾಗುತ್ತದೆ. ಕುಬ್ಜತೆ ಮೂಳೆ ಬೆಳವಣಿಗೆಯ ಸ್ಥಿತಿ, ಅದಿರುವ ಮಗುವೋ ಅಂಥ ಮಗುವಿನ ತಂದೆ ತಾಯಿಯೋ ನಿಮ್ಮ ಸಭೆಯಲ್ಲೇ ಕೂತಿರಬಹುದು. ಅದರ ಮೇಲೆ, ಗಟ್ಟಿ ನೆಲದ ಮೇಲೆ ಮೂರು ನಿಮಿಷ ಮೊಣಕಾಲಲ್ಲಿ ಕುಣಿಯುವ ಹುಡುಗನ ಗತಿ ಏನು? ಬೇಡ, ಕೈಬಿಡಿ.

ಹಾಗಾದರೆ ಏನು ಮಾಡಬಹುದು? ನನಗೆ ಕಾಣುವ ದಾರಿಗಳನ್ನು ಹೇಳುತ್ತೇನೆ.

ವಿಡಿಯೊವನ್ನು ಹತ್ತಿರದಿಂದ ಅನುಸರಿಸುವುದು ಒಂದು. ವಿದೂಷಕನನ್ನು ಇಟ್ಟುಕೊಳ್ಳಿ, ಯಾವ ಎತ್ತರದ ಮಗುವಾದರೂ ಸರಿ, ತಂಡದಲ್ಲೇ ಚೆನ್ನಾಗಿ ಕುಣಿಯುವವರಿಗೆ ಆ ಪಾತ್ರ. ಗೆಜ್ಜೆ ಟೊಪ್ಪಿ, ಬಣ್ಣದ ಅಂಗಿ ಸಾಕು. ಇದರಲ್ಲಿರುವ ಅಪಾಯ ಖರ್ಚು ಮತ್ತು ಗಲಿಬಿಲಿ. ಮೇಪೋಲ್ ಕಂಬದ ಪಟ್ಟಿ ಹೆಣೆಯುವುದು ನೋಡುವುದಕ್ಕೆ ಸುಲಭ, ಹದಿನೈದು ಮಕ್ಕಳ ಕೈಗೆ ಕೊಟ್ಟರೆ ಎರಡನೇ ಸುತ್ತಿಗೇ ಗಂಟು. ನಿಮ್ಮಲ್ಲಿ ಯಾರಿಗಾದರೂ ಜಡೆ ಕೋಲಾಟ ಬರುತ್ತಿದ್ದರೆ ಅವರನ್ನು ಕರೆಯಿರಿ. ಮೇಲಿನಿಂದ ಇಳಿಬಿಟ್ಟ ಪಟ್ಟಿ ಹಿಡಿದು ಹೆಣೆಯುತ್ತಾ ಬಿಚ್ಚುತ್ತಾ ಕುಣಿಯುವುದರಲ್ಲಿ ಎರಡೂ ಒಂದೇ ಕುಲದವು. ಇನ್ನೊಂದು ಎಚ್ಚರಿಕೆ. ಮಾರಿಸ್ ಕುಣಿತದ ಚಿತ್ರ ಹುಡುಕಿದರೆ ಮುಖಕ್ಕೆಲ್ಲಾ ಕಪ್ಪು ಬಳಿದುಕೊಂಡ ತಂಡಗಳ ಫೋಟೊಗಳೂ ಸಿಗುತ್ತವೆ. ಅದನ್ನು ಅಪ್ಪಿತಪ್ಪಿಯೂ ನಕಲು ಮಾಡಬೇಡಿ. ಇಂಗ್ಲೆಂಡಿನ ಮಾರಿಸ್ ಸಂಘಟನೆಗಳೇ 2020ರಲ್ಲಿ ಅದನ್ನು ನಿಲ್ಲಿಸುವ ತೀರ್ಮಾನ ಮಾಡಿವೆ. ಕಾಲಿಗೆ ಗೆಜ್ಜೆ, ಕೈಯಲ್ಲಿ ಬಿಳಿ ಕರವಸ್ತ್ರ ಇದ್ದರೆ ಮಾರಿಸ್ ಅಂತ ಗೊತ್ತಾಗುತ್ತದೆ.

ಹಳ್ಳಿಯನ್ನೇ ಬಿಟ್ಟು ಹಾಡಿನ ಮೂಲ ಕಥೆಗೆ ಹೋಗುವುದು ಇನ್ನೊಂದು. ವೇದಿಕೆ ಮೇಲೆ ಒಂದು ಕ್ಲಬ್, ಕಪ್ಪು ಕನ್ನಡಕದ ಇಬ್ಬರು ಬೌನ್ಸರ್‌ಗಳು (ಈ ಪಾತ್ರಕ್ಕೆ ಸಮಿತಿಯ ಆಕ್ಷೇಪಣೆ ಸದಸ್ಯರನ್ನೇ ಹಾಕಿದರೆ ಹೇಗೆ?), ಹಾರುವ ಮಕ್ಕಳು. ಬೌನ್ಸರ್‌ಗಳು ಒಬ್ಬೊಬ್ಬರನ್ನೇ ಹೊರಗೆ ಕಳಿಸುತ್ತಾರೆ, ಅವರು ಇನ್ನೊಂದು ಕಡೆಯಿಂದ ಮತ್ತೆ ಬರುತ್ತಾರೆ. ಕೊನೆಗೆ ಬೌನ್ಸರ್‌ಗಳೇ ಹಾರಲು ಶುರು ಮಾಡುತ್ತಾರೆ. ನಾನಾದರೆ ಇದನ್ನೇ ಆರಿಸುತ್ತೇನೆ. ಹಾಡಿನ ಅರ್ಥದ ಬಗ್ಗೆ ಇದ್ದ ಗಲಾಟೆ ವೇದಿಕೆ ಮೇಲೇ ಬಗೆಹರಿಯುತ್ತದೆ, ವೇಷಕ್ಕೆ ದುಡ್ಡು ಬೇಕಿಲ್ಲ, ಗಂಭೀರ ಮುಖದ ಹಾಸ್ಯಕ್ಕೆ ಬೌನ್ಸರ್‌ಗಿಂತ ಒಳ್ಳೆಯ ಪಾತ್ರ ಸಿಗಲಾರದು. ತೊಂದರೆ ಪೋಗೊದ್ದು. ಮಕ್ಕಳು ಒಬ್ಬರ ಮೇಲೊಬ್ಬರು ಬೀಳಬಾರದು, ಹಾಗಾಗಿ ಪ್ರತಿಯೊಬ್ಬರಿಗೂ ನೆಲದ ಮೇಲೆ ಟೇಪಿನ ಗುರುತು ಹಾಕಿ, ಎರಡು ಕೈ ಚಾಚಿದರೂ ತಾಗದಷ್ಟು ದೂರ. ಕಾಂಕ್ರೀಟ್ ನೆಲವಾದರೆ ಹಾರುವುದನ್ನು ಪಲ್ಲವಿಗೆ ಮಾತ್ರ ಇಡಿ. ಕಾಲುಚೀಲದಲ್ಲಿ ಹಾರಲು ಬಿಡಬೇಡಿ, ರಬ್ಬರ್ ಅಡಿಯ ಶೂ ಇರಲಿ.

ಹಾಡನ್ನು ಮಾತ್ರ ಇಟ್ಟುಕೊಂಡು ಪೂರ್ತಿ ಬೇರೆ ಸನ್ನಿವೇಶ ಕಟ್ಟುವುದೂ ಉಂಟು. ಅಮೆರಿಕದ ‘ಗ್ಲೀ’ ಧಾರಾವಾಹಿ 2010ರಲ್ಲಿ ಇದೇ ಹಾಡನ್ನು ಶಾಪಿಂಗ್ ಮಾಲ್‌ಗೆ ಒಯ್ದಿತು. ಗಾಲಿಕುರ್ಚಿಯಲ್ಲಿರುವ ಹುಡುಗನೊಬ್ಬ ಎದ್ದು ಕುಣಿಯುವ ಹಗಲುಗನಸಾಗಿ ತೋರಿಸಿದರು. ಹಳ್ಳಿಯೂ ಇಲ್ಲ, ವಿದೂಷಕನೂ ಇಲ್ಲ, ಹಾಡು ನಿಂತಿತು. ನಿಮ್ಮ ಮಕ್ಕಳ ಶಾಲೆ, ಮೆಟ್ರೊ ನಿಲ್ದಾಣ, ಹಿಮ ಗುಡಿಸುವ ಬೆಳಗ್ಗೆ, ಯಾವುದಾದರೂ ಆಗಬಹುದು. ಆದರೆ ವಿಡಿಯೊ ನೋಡಿ ನಕ್ಕ ಮಕ್ಕಳಿಗೆ ಇದು ನಿರಾಸೆ ತರಬಹುದು.

ಯಾವುದೇ ಆರಿಸಿಕೊಂಡರೂ ಒಂದು ಮಾತ್ರ ಬಿಡಬೇಡಿ, ಕೈಯಲ್ಲಿ ಮಾಡುವ ಎಸ್ ಅಕ್ಷರ. ಈ ವಿಡಿಯೊದ ಗುರುತೇ ಅದು. ಬಹಳ ಕಡೆ ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಸಭೆಗೆ ಎಸ್ ನೇರವಾಗಿ ಕಾಣಬೇಕಾದರೆ ಕುಣಿಯುವವರ ಬಲಗೈ ಮೇಲೆ ಹೋಗಿ ತಲೆಯ ಮೇಲಿಂದ ಎಡಕ್ಕೆ ಬಾಗಬೇಕು, ಎಡಗೈ ಕೆಳಗೆ ಇಳಿದು ಹೊಟ್ಟೆಯ ಮುಂದೆ ಬಲಕ್ಕೆ ಬಾಗಬೇಕು. ಎಡಗೈ ಮೇಲೆ ಹೋದರೆ ಕನ್ನಡಿಯ ಎಸ್ ಆಗುತ್ತದೆ. ಕನ್ನಡಿ ಮುಂದೆಯೋ ಫೋನಿನ ಸೆಲ್ಫಿ ಕ್ಯಾಮೆರಾ ಮುಂದೆಯೋ ಅಭ್ಯಾಸ ಮಾಡುವ ಮಕ್ಕಳು ಇದನ್ನು ಖಂಡಿತ ಉಲ್ಟಾ ಕಲಿತು ಬರುತ್ತಾರೆ. ಎದುರು ನಿಂತು ನೀವೇ ತಿದ್ದಬೇಕು. ಭುಜ ಬಿಗಿ, ಮುಖ ಗಂಭೀರ, ಒಂದು ತಾಳ ತಡೆದು ನಿಲ್ಲಿಸಿ. ಹದಿನೈದು ಮಕ್ಕಳು ಒಟ್ಟಿಗೆ ಹಾಗೆ ನಿಂತರೆ ಸಭೆಯಲ್ಲಿ ನಗು ಗ್ಯಾರಂಟಿ.

ಇನ್ನೊಂದು, ಹಾಡಿನ ಯಾವ ಆವೃತ್ತಿ ಬೇಕು ಅಂತ ಮೊದಲೇ ನೋಡಿಕೊಳ್ಳಿ. ವಿಡಿಯೊದಲ್ಲಿರುವುದು ಚಿಕ್ಕದು. ಇದಕ್ಕಿಂತ ಉದ್ದದ 12 ಇಂಚಿನ ರೆಕಾರ್ಡಿನ ಆವೃತ್ತಿಯೂ ಇದೆ, ಅದು ಸೇಫ್ಟಿ ಅನ್ನುವ ಪದದ ಅಕ್ಷರಗಳನ್ನು ಒಂದೊಂದಾಗಿ ಕೂಗುತ್ತಾ ಶುರುವಾಗುತ್ತದೆ. ಮಕ್ಕಳು ಒಬ್ಬೊಬ್ಬರಾಗಿ ವೇದಿಕೆಗೆ ಬರಲು ಆ ಶುರು ಬಹಳ ಚೆನ್ನ. ಆದರೆ ಪೂರ್ತಿ ಹಾಕಿದರೆ ಮಕ್ಕಳಿಗೆ ಉಸಿರು ಸಾಲದು. ಆರಂಭವನ್ನು ಅಲ್ಲಿಂದ, ಉಳಿದದ್ದನ್ನು ಚಿಕ್ಕದರಿಂದ ತೆಗೆದುಕೊಂಡು ಜೋಡಿಸುವುದು ಎಡಿಟಿಂಗ್ ಗೊತ್ತಿರುವ ಯಾರಿಗಾದರೂ ಅರ್ಧ ಗಂಟೆಯ ಕೆಲಸ.

ಉಳಿದದ್ದು ಹಕ್ಕುಗಳ ವಿಚಾರ. ನಾನು ವಕೀಲನಲ್ಲ, ಕೆಲಸದಲ್ಲಿ ಕಂಡದ್ದನ್ನು ಹೇಳುತ್ತೇನೆ. ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತವೆ. ಬರೆದ ಹಾಡು ಒಬ್ಬರದ್ದು, ರೆಕಾರ್ಡ್ ಮಾಡಿದ ದನಿ ಇನ್ನೊಬ್ಬರದ್ದು. ಸಭಾಂಗಣದಲ್ಲಿ ರೆಕಾರ್ಡ್ ಹಾಕಿ ಕುಣಿಯುವುದಕ್ಕೆ ಕೆನಡಾದಲ್ಲಿ ಎರಡಕ್ಕೂ ಸೇರಿ ಎಂಟ್ಯಾಂಡೆಮ್ ಎಂಬ ಒಂದೇ ಕಡೆ ಪರವಾನಗಿ ಸಿಗುತ್ತದೆ. ಸೋಕನ್ ಮತ್ತು ರೀಸೌಂಡ್ ಎಂಬ ಎರಡು ಸಂಸ್ಥೆಗಳು ಸೇರಿ ನಡೆಸುವ ವ್ಯವಸ್ಥೆ ಅದು. ನಿಮ್ಮ ದೊಡ್ಡವರು ಹಾಡುವ ಕನ್ನಡ ಹಾಡುಗಳಿಗೂ ಪರವಾನಗಿ ಬೇಕಾಗಬಹುದು, ಒಟ್ಟಿಗೇ ವಿಚಾರಿಸಿ.

ಯೂಟ್ಯೂಬ್ ಬೇರೆಯೇ ಕಥೆ. ವೇದಿಕೆಯ ಪರವಾನಗಿ ಅಲ್ಲಿಗೆ ನಡೆಯುವುದಿಲ್ಲ. ಕೆನಡಾದ ಕಾನೂನಿನಲ್ಲಿ 2012ರಿಂದ ಅಣಕಕ್ಕೆ ರಿಯಾಯಿತಿ ಇದೆ. ದುಡ್ಡಿನ ಉದ್ದೇಶವಿಲ್ಲದೆ ಸಾಮಾನ್ಯ ಜನ ಬೇರೆಯವರ ಕೃತಿಯನ್ನು ಬಳಸಿ ಹೊಸದೊಂದು ಮಾಡಿ ಹಂಚಿಕೊಳ್ಳುವುದಕ್ಕೂ ಷರತ್ತುಗಳ ಮೇಲೆ ಅವಕಾಶವಿದೆ. ನಿಮ್ಮ ಬೌನ್ಸರ್ ಕಥೆ ಇದರ ಹತ್ತಿರ ಬರಬಹುದು, ವಿಡಿಯೊದ ನೇರ ನಕಲಿಗೆ ವಾದ ಅಷ್ಟು ಗಟ್ಟಿಯಿಲ್ಲ. ಆದರೆ ಯೂಟ್ಯೂಬ್‌ನ ಯಂತ್ರ ಕಾನೂನು ಓದುವುದಿಲ್ಲ, ದನಿ ಹೊಂದಿಕೆಯಾಯಿತಾ ಅಂತ ಮಾತ್ರ ನೋಡುತ್ತದೆ. ಹಕ್ಕುದಾರರ ಇಷ್ಟದಂತೆ ಜಾಹೀರಾತು ಬರಬಹುದು, ದನಿ ಹೋಗಬಹುದು, ಕೆಲವು ದೇಶಗಳಲ್ಲಿ ವಿಡಿಯೊ ಕಾಣದೇ ಇರಬಹುದು. ಊರಿನಲ್ಲಿರುವ ಅಜ್ಜ ಅಜ್ಜಿಗೆ ತೋರಿಸುವುದಷ್ಟೇ ಉದ್ದೇಶವಾದರೆ, ಫೈಲನ್ನು ಕುಟುಂಬಗಳ ನಡುವೆ ಹಂಚಿಕೊಂಡುಬಿಡಿ. ಮಕ್ಕಳ ಮುಖ ಇಡೀ ಲೋಕಕ್ಕೆ ಕಾಣುವುದೂ ತಪ್ಪುತ್ತದೆ. ಎಲ್ಲರಿಗೂ ಕಾಣುವಂತೆ ಹಾಕಲೇಬೇಕಾದರೆ ಪ್ರತಿ ಮಗುವಿನ ಪೋಷಕರಿಂದ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

ಸಭಾಂಗಣದ ಬಾಡಿಗೆ ಕಾಗದದಲ್ಲಿ ಸಂಗೀತದ ಪರವಾನಗಿ ಸೇರಿದೆಯಾ ಅಂತ ಈ ವಾರವೇ ಒಂದು ಸಲ ನೋಡಿಬಿಡಿ. ಕೆಲವು ಕಡೆ ಅದನ್ನು ಸಭಾಂಗಣದವರೇ ಕಟ್ಟಿರುತ್ತಾರೆ, ಹಾಗಿದ್ದರೆ ನಿಮಗೊಂದು ಖರ್ಚು ಉಳಿಯಿತು.